ಹದಿನೇಳನೆಯ ಚುಕ್ಕಿ

ಬುಖಾರಾ ಬಳಿಯ ಗಿಜ್ದುವಾನ್ ಊರಿನ ಹಮ್ರೊಬೀಬಿ ಮೂವತ್ತು ವರ್ಷ ಇಡೀ ಕೇರಿಗೆ ರೊಟ್ಟಿ ಸುಟ್ಟವಳು. ಹಿಟ್ಟಿನ ಹದ ಅವಳ ಅಂಗೈಗೇ ಗೊತ್ತಿತ್ತು. ಉಪ್ಪನ್ನು ಅಳೆದು ಹಾಕಿದವಳೇ ಅಲ್ಲ. ಅಂಥವಳು ಐವತ್ತೆಂಟರ ವಯಸ್ಸಿನಲ್ಲಿ, ನಾದುವ ಕೈ ನಿಲ್ಲಿಸಿ ಗಂಡನನ್ನು ಕೇಳತೊಡಗಿದಳು: "ರೀ, ನಾನು ಉಪ್ಪು ಹಾಕಿದ್ನಾ?"

"ಎರಡು ಸಲ ಹಾಕ್ದೆ. ನಿನ್ನ ತಲೆ ಜರಡಿ ಆಗೋಯ್ತು ಕಣೆ," ಎನ್ನುತ್ತಿದ್ದ ಎಶ್ಮುರಾದ್.

ಇದು ಒಂದೇ ದಿನದಲ್ಲಿ ಬಂದದ್ದಲ್ಲ. ಗೂಟಕ್ಕೆ ಹಾಕಿದ ಕೀಲಿಕೈ ಹಾಸಿಗೆಯ ಕೆಳಗೆ ಸಿಗುತ್ತಿತ್ತು. ನೀನೇ ಇಟ್ಟದ್ದು ಎನ್ನುತ್ತಿದ್ದ. ಮನೆ ಅವಳ ಅಪ್ಪನದು, ಕಾಗದ ಅವಳ ಹೆಸರಿನಲ್ಲಿತ್ತು. ಅದನ್ನು ಮಾರಿ ಬುಖಾರಾ ಪೇಟೆ ಸೇರಬೇಕೆಂಬುದು ಅವನ ಹಟ. "ನೌರೋಜ್ ಹಬ್ಬದ ದಿನ ನೀನೇ ಒಪ್ಕೊಂಡ್ಯಲ್ಲ, ಮರೆತ್ಯಾ?" ಎಂದು ನೂರು ಸಲ ಅಂದ. ಹನಿ ಬಿದ್ದೂ ಬಿದ್ದೂ ಕಲ್ಲೇ ಸವೆಯುತ್ತದೆ. ಒಪ್ಪಿದ್ದೆನೇನೋ ಎಂದು ಅವಳಿಗೂ ಅನ್ನಿಸತೊಡಗಿತು.

ಗೋಡೆಯ ಮೊಳೆಯಲ್ಲಿ ಅವಳೇ ಸುಟ್ಟ ಒಂದು ರೊಟ್ಟಿ ತೂಗುತ್ತಿತ್ತು. ಅವಳ ತಮ್ಮ ಜೂರಾಕುಲ್ ಎರಡು ವರ್ಷದ ಹಿಂದೆ ಕಝಾಕ್ ಗಣಿಗೆ ಹೊರಡುವಾಗ ಒಂದು ತುತ್ತು ಕಚ್ಚಿ ಬಿಟ್ಟುಹೋದದ್ದು. ಅಲ್ಲಿಯ ವಾಡಿಕೆಯಂತೆ ಉಳಿದದ್ದನ್ನು ಅವನೇ ಮರಳಿ ಬಂದು ತಿನ್ನಬೇಕು, ಬೇರೆಯವರು ಮುಟ್ಟುವಂತಿಲ್ಲ. ಒಂದು ಬೆಳಗ್ಗೆ ಅದು ಕಾಣಲಿಲ್ಲ. ಅವಳು ಮೂರು ದಿನ ಅತ್ತಳು. ನಾಲ್ಕನೆಯ ದಿನ ನೋಡಿದರೆ ರೊಟ್ಟಿ ಮೊಳೆಯಲ್ಲೇ ಇತ್ತು.

"ಎಲ್ಲಿಗೆ ಹೋಗಿತ್ತು? ಇಲ್ಲೇ ಇತ್ತು," ಎಂದ ಎಶ್ಮುರಾದ್. "ಇನ್ನು ನಿನ್ನನ್ನ ತಂದೂರ್ ಒಲೆ ಹತ್ರ ಬಿಟ್ರೆ ಕೇರಿಗೇ ಬೆಂಕಿ ಇಡ್ತೀಯ. ನಾಳೆ ಶರೋಫ್ ಅಜ್ಜ ಬರ್ತಾರೆ, ಅವರೆದುರು ಮನೆ ಮಾರೋ ಕಾಗದಕ್ಕೆ ಸಹಿ ಹಾಕ್ಬಿಡು."

ಕೇರಿಯ ಹಿರಿಯ ಶರೋಫ್ ಅಜ್ಜ ಬಂದು ಚಹಾ ಬಟ್ಟಲು ಹಿಡಿದು ಕೂತ. ಸಹಿಗೆ ಮುಂಚೆ ತಮ್ಮನ ರೊಟ್ಟಿಯ ಧೂಳು ಒರೆಸೋಣವೆಂದು ಹಮ್ರೊಬೀಬಿ ಅದನ್ನು ಇಳಿಸಿದಳು. ಧೂಳೇ ಇರಲಿಲ್ಲ. ಬೆರಳು ತಾನಾಗಿಯೇ, ಸುಡುವ ಮುಂಚೆ ಅಚ್ಚಿನಿಂದ ಚುಚ್ಚಿದ ನಡುವಿನ ಚುಕ್ಕಿಗಳ ಮೇಲೆ ಓಡಿ, ಒಂದು ಕಡೆ ನಿಂತಿತು.

"ಅಜ್ಜಾ, ಈ ಚುಕ್ಕಿ ಸ್ವಲ್ಪ ಎಣಿಸಿ. ಕಣ್ಣು ಕಾಣುತ್ತೆ ತಾನೇ?"

"ನಿನ್ನ ಗಂಡನ ಗಡ್ಡದ ಹೇನೂ ಕಾಣುತ್ತೆ ಮಗಳೇ." ಅಜ್ಜ ಎಣಿಸಿದ. "ಹದಿನೇಳು."

ಅವಳು ಅಂದು ಬೆಳಗ್ಗೆ ತಾನು ಸುಟ್ಟ ರೊಟ್ಟಿಯನ್ನು ಪಕ್ಕಕ್ಕಿಟ್ಟಳು. "ಇದು?"

"ಹದಿನಾರು."

"ಅಮ್ಮ ಕೊಟ್ಟ ಅಚ್ಚು. ಮದುವೆಯಾದ ವರ್ಷವೇ ಅದರ ಹದಿನೇಳು ಮೊಳೆಗಳಲ್ಲಿ ಒಂದು ಉದುರಿತ್ತು. ಅವತ್ತಿಂದ ಈ ಮನೆ ರೊಟ್ಟಿಗೆ ಹದಿನಾರೇ."

ಎಶ್ಮುರಾದ್ ಮೂವತ್ತು ವರ್ಷ ಆ ರೊಟ್ಟಿ ತಿಂದಿದ್ದ, ಒಮ್ಮೆಯೂ ನೋಡಿರಲಿಲ್ಲ.

"ಒಂದು ಚುಕ್ಕಿಗೆ ಇಷ್ಟು ರಗಳೆನಾ?" ಎಂದು ಗೊಣಗಿದ.

"ಹಳೇದು ಎಲ್ಲಪ್ಪ?" ಅಜ್ಜ ಕೇಳಿದ.

"ಕೋಳಿಗೆ ಹಾಕ್ದೆ. ಇದು ಅಂಗಡೀದು, ನಾನೇ ಕಚ್ಚಿ ತೂಗು ಹಾಕಿದ್ದು."

"ಹಾಗಾದ್ರೆ ಮರೆವು ಯಾರಿಗೂ ಇಲ್ಲ ಅನ್ನು." ಅಜ್ಜ ಸಹಿಯಿಲ್ಲದ ಕಾಗದವನ್ನು ಮಡಿಚಿ ಹಮ್ರೊಬೀಬಿಯ ಕೈಗೆ ಕೊಟ್ಟು ಎದ್ದ.

ಮರುದಿನ ಅವಳು ಹಿಟ್ಟಿಗೆ ಉಪ್ಪು ಹಾಕಿದಳು, ಯಾರನ್ನೂ ಕೇಳಲಿಲ್ಲ. ಗೋಡೆಯ ಮೊಳೆ ಮಾತ್ರ ಖಾಲಿಯೇ ಇತ್ತು. ತಮ್ಮನಿಗೆ ಏನು ಹೇಳುವುದೆಂದು ಯೋಚಿಸುತ್ತಾ ನಾದಿದಳು.