ಆರು ಆಣೆ ಮನೆ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುವುದಿಲ್ಲ. ಅವರಿಗೆ ಅಡಿ ಎಂದರೆ ಎಷ್ಟು ಎಂದು ಗೊತ್ತಿಲ್ಲ, ಅಷ್ಟೆ. ನಮಗೆ ಮನೆ ತೋರಿಸಿದ ಮಹಾಶಯರು ಯಾವುದೋ ಕಾರ್ಖಾನೆಯಿಂದ ನಿವೃತ್ತರಾಗಿ, ಮೂವತ್ತು ನಲವತ್ತರ ಸೈಟಿನ ಮೇಲೆ ಮೂರಂತಸ್ತು ಎಬ್ಬಿಸಿದ್ದರು. ಬಾಗಿಲಲ್ಲೇ ನಿಂತು, "ಆರ್ನೂರು ಸ್ಕ್ವೇರ್ ಫೀಟ್ ಇದೆ ಸಾರ್. ಈ ಏರಿಯಾದಲ್ಲಿ ಈ ರೇಟಿಗೆ ಎಲ್ಲೂ ಸಿಗಲ್ಲ" ಎಂದರು. ಒಂದು ಅಂತಸ್ತಿಗೆ ಅಂಥ ಮನೆ ಎರಡು. ಸೈಟೇ ಒಟ್ಟು ಸಾವಿರದ ಇನ್ನೂರು ಅಡಿ. ಹಾಗಾದರೆ ಮೆಟ್ಟಿಲು, ಗೋಡೆ, ಸ್ಕೂಟರು ನಿಲ್ಲಿಸುವ ಜಾಗ ಇವೆಲ್ಲ ಎಲ್ಲಿವೆ, ಆಕಾಶದಲ್ಲೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮನೆ ಬೇಕಾಗಿತ್ತು.

ಬೇಕಾಗಿದ್ದದ್ದು ಮಗಳಿಗಾಗಿ. ಅವಳಿಗೆ ಆಗ ನಾಲ್ಕು ವರ್ಷ. ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಆಪರೇಷನ್ ಮಾಡಿ ಯಂತ್ರ ಕೂರಿಸಿದ್ದರು. ಯಂತ್ರ ಕೂರಿಸಿದ ಮಾತ್ರಕ್ಕೆ ಮಾತು ಬರುವುದಿಲ್ಲ, ಶಬ್ದ ಎಂದರೇನು ಎಂಬುದನ್ನೇ ಮೊದಲಿನಿಂದ ಕಲಿಸಬೇಕು, ವಾರಕ್ಕೆ ಐದು ದಿನ ಬರಬೇಕು, ಈ ವಯಸ್ಸು ದಾಟಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕಲಿಸುವ ಕೇಂದ್ರ ಆ ಮನೆಯಿಂದ ನಡೆದರೆ ಹತ್ತು ನಿಮಿಷ. ನಾನು ಭೂಮಾಪಕ. ಹುಟ್ಟೂರು ಶಿಕಾರಿಪುರ, ಕೆಲಸ ಹೆಚ್ಚಾಗಿ ಪಕ್ಕದ ಸೊರಬ ತಾಲ್ಲೂಕಿನಲ್ಲಿ. ಸರ್ಕಾರದ ಸಂಬಳದವನಲ್ಲ; ಲೈಸೆನ್ಸು ಪಡೆದು, ಅಳತೆಗೆ ಇಷ್ಟು ಎಂದು ದುಡಿಯುವವನು. ಹೆಂಡತಿ, ಮಗಳು ಬೆಂಗಳೂರಿನಲ್ಲಿರುವುದು, ನಾನು ವಾರವೆಲ್ಲ ಗದ್ದೆ ತೋಟ ಅಳೆದು, ಶನಿವಾರ ಬಂದು, ದುಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಹಾಶಯರ ಕೈಗೆ ಹಾಕುವುದು ಎಂದು ತೀರ್ಮಾನವಾಯಿತು.

ಮನೆ ಕೊಡುವ ಮೊದಲು ಅವರು ನಮ್ಮನ್ನು ಕೂರಿಸಿಕೊಂಡು ವಿಚಾರಣೆ ಮಾಡಿದ ಚೆಂದವನ್ನು ಹೇಳಲೇಬೇಕು. ಅಷ್ಟು ಪ್ರಶ್ನೆಗಳನ್ನು ನನ್ನ ಮಾವನೂ ಹೆಣ್ಣು ಕೊಡುವಾಗ ಕೇಳಿರಲಿಲ್ಲ. ನಮ್ಮ ಕಡೆ ಜಾತಿ ಕೇಳುವವರು ಜಾತಿಯನ್ನೇ ಕೇಳುತ್ತಾರೆ. ಇವರು ಸುಸಂಸ್ಕೃತರು, ಅಡುಗೆ ಕೇಳಿದರು. ನೆಂಟರು ಎಷ್ಟು ಸಲ ಬರುತ್ತಾರೆ, ಬಂದರೆ ಎಷ್ಟು ದಿನ ಇರುತ್ತಾರೆ, ಗೋಡೆಗೆ ಮೊಳೆ ಹೊಡೆಯುವ ಅಭ್ಯಾಸವಿದೆಯೇ, ಒಗ್ಗರಣೆಗೆ ಯಾವ ಎಣ್ಣೆ. ಬಾಡಿಗೆ ಹದಿನಾಲ್ಕು ಸಾವಿರ, ಅಡ್ವಾನ್ಸು ಒಂದು ಲಕ್ಷ. ಅಷ್ಟು ಬಾಡಿಗೆಗೆ ಶಿಕಾರಿಪುರದಲ್ಲಿ ಇಡೀ ಮನೆ, ಹಿತ್ತಲು, ಹಿತ್ತಲಲ್ಲೊಂದು ನುಗ್ಗೆಮರ ಸಿಕ್ಕಿ, ಹಬ್ಬದ ದಿನ ಓನರ್ ಮನೆಯಿಂದ ಹೋಳಿಗೆಯೂ ಬಂದು, ಮತ್ತೆ ದುಡ್ಡು ಮಿಗುತ್ತದೆ. ಅದನ್ನೂ ನಾನು ಹೇಳಲಿಲ್ಲ. ಅವತ್ತು ಎಷ್ಟು ಮಾತು ನುಂಗಿದೆನೆಂದರೆ ಮಧ್ಯಾಹ್ನ ಊಟವೇ ಸೇರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಒಬ್ಬರ ಗದ್ದೆಯನ್ನು ಇನ್ನೊಬ್ಬರು ವರ್ಷದ ಮಟ್ಟಿಗೆ ಮಾಡುವುದಾದರೆ, ಉಳುಮೆಗೆ ಮೊದಲು ಇಬ್ಬರೂ ಕೂಡಿ ಬದು ಸುತ್ತಿ ಬರುತ್ತಾರೆ. ಗಡಿಕಲ್ಲು ಇಲ್ಲಿದೆ, ನೀರು ಈ ಕಡೆಯಿಂದ ಬರುತ್ತದೆ, ಈ ಮೂಲೆ ಪಕ್ಕದವನದು ಎಂದು ತೋರಿಸಿದ ಮೇಲೆಯೇ ಮಾತು ಮುಗಿದಂತೆ. ತೋರಿಸದವನನ್ನು ಯಾರೂ ನಂಬುವುದಿಲ್ಲ, ತೋರಿಸು ಎಂದು ಕೇಳದವನನ್ನು ಪೆದ್ದ ಅನ್ನುತ್ತಾರೆ. ಮಹಾಶಯರು ಬೀಗದಕೈ ಕೊಟ್ಟು ಕೆಳಗಿಳಿದು ಹೋದರು. ಪೆದ್ದನಾಗಲು ಮನಸ್ಸಿಲ್ಲದೆ ನಾನು ಚೀಲದಿಂದ ಟೇಪು ತೆಗೆದೆ. ಹಾಲ್, ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಸೇರಿ ನಾನೂರ ಹನ್ನೆರಡು ಅಡಿ. ನಮ್ಮ ಲೆಕ್ಕದಲ್ಲಿ ಒಂದು ಗುಂಟೆ, ಅಂದರೆ ಸಾವಿರದ ಎಂಬತ್ತೊಂಬತ್ತು ಅಡಿಗೆ, ಹದಿನಾರು ಆಣೆ. ಇದು ಆರು ಆಣೆ. ಸೊರಬದಲ್ಲಿ ಆರು ಆಣೆ ಜಾಗವಿದ್ದರೆ ಗೊಬ್ಬರದ ಗುಂಡಿ ತೋಡುತ್ತಾರೆ. ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ಜೋಡಿಸುತ್ತಾ, "ಟೇಪ್ ಸುತ್ತಿಡಿ. ನಾವು ಬಂದಿದ್ದು ಅಳೆಯಕ್ಕಲ್ಲ" ಅಂದಳು.

ಆರು ಆಣೆಯಲ್ಲಿ ಸಂಸಾರ ಶುರುವಾಯಿತು. ಬೆಳಿಗ್ಗೆ ಒಂದು ಗಂಟೆ ಮಾತ್ರ ನೀರು. ಕುಡಿಯುವ ನೀರಿಗೆ ಬೇರೆ ದುಡ್ಡು, ಮೆಟ್ಟಿಲ ಲೈಟಿಗೆ ಬೇರೆ ದುಡ್ಡು, ಕಸ ಒಯ್ಯುವುದಕ್ಕೂ ದುಡ್ಡು. ಸೊರಬದವಳಾದ ನನ್ನ ಹೆಂಡತಿಗೆ ಎಲ್ಲಕ್ಕಿಂತ ಅವಮಾನವೆನಿಸಿದ್ದು ಕೆಸುವಿನ ಎಲೆ. ಅವಳ ತವರಿನಲ್ಲಿ ಅದು ಚರಂಡಿ ಪಕ್ಕ ತಾನಾಗಿ ಬೆಳೆಯುತ್ತದೆ. ಇಲ್ಲಿ ಐದು ಎಲೆಗೆ ರಬ್ಬರ್ ಬ್ಯಾಂಡ್ ಹಾಕಿ, ಒಂದು ಊಟದ ದುಡ್ಡು ಕೇಳಿದರಂತೆ. ಒಮ್ಮೆ ನಮ್ಮ ಅತ್ತೆ ಅಕ್ಕಿ, ಹಪ್ಪಳ ಹೊತ್ತುಕೊಂಡು ಬಂದು ಆರು ದಿನ ಇದ್ದರು. ತಿಂಗಳ ಕೊನೆಗೆ ಮಹಾಶಯರು ನೀರಿನ ಬಾಬ್ತಿಗೆ ಮುನ್ನೂರು ಹೆಚ್ಚು ಹಾಕಿದ್ದರು. ಅತ್ತೆ ಅವರ ಮನೆಗೂ ಎರಡು ಕಟ್ಟು ಹಪ್ಪಳ ಕೊಟ್ಟಿದ್ದರು. ಅದನ್ನು ಅವರು ಕಳೆದಿರಲಿಲ್ಲ.

ಇಷ್ಟೆಲ್ಲ ಸಹಿಸಿದ್ದು ಮಗಳು ಸದ್ದು ಮಾಡಲು ಕಲಿಯುತ್ತಿದ್ದಳು ಎಂಬ ಒಂದೇ ಕಾರಣಕ್ಕೆ. ಕೇಂದ್ರದ ಮೇಡಂ, "ಮನೇಲಿ ಇಡೀ ದಿನ ಮಾತಾಡಿಸಿ. ತಟ್ಟೆ ಬಡೀರಿ, ಕೇಳಿದ ಕೂಡ್ಲೇ ಅವಳು ಕೈ ಎತ್ಬೇಕು. ಕೂಗಿದ್ರೆ ಮಾತ್ರ ಯಾವ ಕಾರಣಕ್ಕೂ ತಡೀಬೇಡಿ" ಎಂದು ಹೇಳಿ ಕಳಿಸಿದ್ದರು. ಹೆಂಡತಿ ಹಾಗೆಯೇ ಮಾಡಿದಳು. ಎಷ್ಟು ಜೋರು, ಎಷ್ಟು ಮೆಲ್ಲಗೆ ಎಂಬುದು ಆ ಮಗುವಿಗೆ ಇನ್ನೂ ತಿಳಿಯದು. ಗಂಟಲಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ಹಾಕುತ್ತಿದ್ದಳು. ನಾಲ್ಕು ವರ್ಷ ಸದ್ದೇ ಇಲ್ಲದ ಮನೆಯಲ್ಲಿ ಇದ್ದ ನಮಗೆ ಅದು ಎಷ್ಟು ಸುಖ ಕೊಡುತ್ತಿತ್ತೆಂದು ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಅವಳ ಮೊದಲ ಪದ ಅಮ್ಮ ಅಲ್ಲ, ಅಪ್ಪ ಅಲ್ಲ, ಬಸ್ಸು. ಪ್ರತಿ ಭಾನುವಾರ ನಾನು ಬಸ್ಸಿಗೆ ಹೋಗುವುದನ್ನು ನೋಡಿ ನೋಡಿ, ನನ್ನನ್ನೇ ಹಾಗೆ ಕರೆಯತೊಡಗಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಪೂಜಾರಿ ಕೆಳಗಿನ ಮನೆಯಲ್ಲಿ ಟಿ.ವಿ. ನೋಡುತ್ತಿದ್ದರು. ಒಂದೆರಡು ಸಲ ಮೇಲೆ ಬಂದು, ಮಗು ಬಹಳ ಕಿರುಚುತ್ತೆ ಎಂದರು. ಹೆಂಡತಿ ವಿಷಯ ವಿವರಿಸಿದಳು. "ಅಯ್ಯೋ ಪಾಪ" ಎಂದರು. ಪಾಪ ಅನ್ನುವುದಕ್ಕೆ ಬೆಂಗಳೂರಿನಲ್ಲಿ ಇನ್ನೂ ರೇಟು ಕಟ್ಟಿಲ್ಲ. ಆಮೇಲೆ ಸ್ವಲ್ಪ ದಿನ ಸುಮ್ಮನಿದ್ದರು. ನಾನು ಸುಮ್ಮನಿದ್ದಿದ್ದರೆ ಅವರೂ ಸುಮ್ಮನೇ ಇರುತ್ತಿದ್ದರು ಎಂದು ಈಗ ಅನಿಸುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಅವರು ಬಾಡಿಗೆದಾರರನ್ನೆಲ್ಲ ನೀರಿನ ಸಂಪಿನ ಹತ್ತಿರ ಕರೆದರು. ಇನ್ನು ಮುಂದೆ ಮೇಂಟೆನೆನ್ಸು ಎಲ್ಲರಿಗೂ ಒಂದೇ ಅಲ್ಲ, ಮನೆಯ ಸ್ಕ್ವೇರ್ ಫೀಟ್ ಲೆಕ್ಕದಲ್ಲಿ, ನಿಮ್ಮದೆಲ್ಲ ಆರ್ನೂರು ಎಂದು ಘೋಷಿಸಿದರು. ಉಳಿದ ನಾಲ್ಕು ಮನೆಯವರು ತಲೆ ಆಡಿಸಿದರು. ನನ್ನ ತಲೆ ಆಡಲಿಲ್ಲ. ಅಡಿ ಲೆಕ್ಕವನ್ನು ನನ್ನ ಮುಂದೆ ಹೇಳುವುದೆಂದರೆ ಅಕ್ಕಸಾಲಿಗನ ಮುಂದೆ ಹಿತ್ತಾಳೆ ಮಾರಿದ ಹಾಗೆ. ಮೇಲೆ ಹೋಗಿ ಟೇಪು ತಂದೆ. ಎಲ್ಲರನ್ನೂ ಕರೆದು ನಮ್ಮ ಮನೆ ಅಳೆದು ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಒಮ್ಮೆ ಟೇಪು ಬಿಚ್ಚಿದರೆ ನಾಲ್ಕೂ ದಿಕ್ಕು ಮುಗಿಸದೆ ನನಗೆ ಸಮಾಧಾನವಿಲ್ಲ. ಕೆಳಗಿಳಿದು ಕಟ್ಟಡ ಸುತ್ತಿದೆ. ಮೂವತ್ತಿರಬೇಕಾದ ಕಡೆ ಮೂವತ್ತೆರಡೂವರೆ. ಉತ್ತರದ ಗೋಡೆ ಕಾರ್ಪೊರೇಷನ್ ಚರಂಡಿಯ ಮೇಲೆ ಕೂತಿತ್ತು. "ಉತ್ತರಕ್ಕೆ ಎರಡೂವರೆ ಅಡಿ ಒತ್ತುವರಿ" ಎಂದು ಗಟ್ಟಿಯಾಗಿ ಹೇಳಿದೆ, ಪಂಚರ ಮುಂದೆ ಹೇಳುವ ಹಾಗೆ.

ನಮ್ಮ ಕಡೆ ಹಾಗೆಯೇ ಹೇಳುವುದು. ಚಂದ್ರಗುತ್ತಿ ಹತ್ತಿರ ದೊಡ್ಡ ಜಮೀನ್ದಾರರೊಬ್ಬರ ಬೇಲಿ ಬಡವನ ಹೊಲದೊಳಗೆ ಬಂದಿದ್ದಾಗಲೂ ಹತ್ತು ಜನರ ಮುಂದೆ ಹೇಳಿದ್ದೆ. ಅವರು ಗೊಣಗಿ, ಬೇಲಿ ಹಿಂದಕ್ಕೆ ಹಾಕಿಸಿ, ನನಗೆ ಕಾಫಿಯನ್ನೂ ಕೊಟ್ಟಿದ್ದರು. ಇಲ್ಲಿ ಹಾಗಾಗಲಿಲ್ಲ. ಒಬ್ಬರು ನಗಲು ಹೊರಟು ಕೆಮ್ಮಿಬಿಟ್ಟರು. ನನ್ನ ಅಳತೆಯಿಂದ ಅವರಿಗೂ ದುಡ್ಡು ಉಳಿಯುತ್ತಿತ್ತು. ಆದರೂ ಒಬ್ಬೊಬ್ಬರಾಗಿ ಹಾಲು ಉಕ್ಕುತ್ತದೆ, ಫೋನ್ ಬರುತ್ತದೆ ಎಂದು ಜಾರಿಕೊಂಡರು. ಮಹಾಶಯರು ನನ್ನ ಟೇಪನ್ನೇ ನೋಡುತ್ತಾ ನಿಂತಿದ್ದರು. ನಾನು ದೂರು ಕೊಡುವ ಪೈಕಿ ಎಂದು ಅವರಿಗೆ ಆ ಕ್ಷಣವೇ ಅನಿಸಿರಬೇಕು. ನನಗೆ ಅದು ಹೊಳೆಯಲೇ ಇಲ್ಲ. ಸತ್ಯ ಹೇಳಿದ ಹುಮ್ಮಸ್ಸಿನಲ್ಲಿ ಬಸ್ಸು ಹತ್ತಿದೆ.

ಬುಧವಾರ ಸೊರಬದ ಉಳವಿಯಲ್ಲಿ ಒಂದು ತೋಟ ಅಳೆಯುತ್ತಿದ್ದಾಗ ಹೆಂಡತಿಯ ಫೋನು ಬಂತು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕಂತೆ. ಮಗುವಿನ ಗಲಾಟೆಯಿಂದ ಎಲ್ಲರಿಗೂ ತೊಂದರೆಯಾಗುತ್ತಿದೆಯಂತೆ. ಒತ್ತುವರಿಯ ಮಾತನ್ನು ಅವರು ಎತ್ತಲೇ ಇಲ್ಲವಂತೆ. ಎತ್ತುತ್ತಾರೆಯೇ? ಸುಸಂಸ್ಕೃತರು.

ಶನಿವಾರ ಹೋದಾಗ ಹೆಂಡತಿ ನನಗೆ ನೀರೂ ಕೊಡಲಿಲ್ಲ. "ಕೆಲ್ಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ನೀವು ಮಾಡಿದ್ದೂ ಅದೇರೀ" ಅಂದಳು. "ಅವರು ಚರಂಡಿ ಮೇಲಾದ್ರೂ ಕಟ್ಲಿ, ಕೆರೆ ಮೇಲಾದ್ರೂ ಕಟ್ಲಿ. ನಿಮಗೇನಾಗ್ಬೇಕಿತ್ತು? ಇವಳು ಈಗ ಬಾಯಿ ಬಿಡ್ತಿದಾಳೆ. ಈಗ ನಿಂತ್ರೆ ಮತ್ತೆ ಬರುತ್ತೇನ್ರೀ ಮಾತು?"

ಎರಡು ವಾರ ರಜೆ ಹಾಕಿದಂತೆ ಕೆಲಸ ಬಿಟ್ಟು ಮನೆ ಹುಡುಕಿದೆ. ಕೇಂದ್ರದ ಸುತ್ತಮುತ್ತ ಬಾಡಿಗೆ ಅಷ್ಟರಲ್ಲೇ ಇನ್ನೂ ಏರಿತ್ತು. ಮಗು ಜೋರಾಗಿ ಕೂಗುತ್ತದೆ ಎಂದು ಮೊದಲೇ ಹೇಳಿದ ಕಡೆ ಮನೆ ಕೊಡಲಿಲ್ಲ. ಒಬ್ಬ ಗೃಹಿಣಿ ಮಗಳ ತಲೆ ಸವರಿ, ಯಂತ್ರವನ್ನು ಬೆರಳಿನಿಂದ ಮುಟ್ಟಿ ನೋಡಿ, ಚಾಕಲೇಟು ಕೊಟ್ಟು, ನಮಗೆ ಶಾಂತಿ ಬೇಕು ಎಂದರು. ನಮ್ಮ ಕೈಗೆ ಎಟಕುವ ಬಾಡಿಗೆಯ ಮನೆ ಸಿಕ್ಕಿದ್ದು ಎರಡು ಬಸ್ಸು ಬದಲಾಯಿಸುವಷ್ಟು ದೂರದಲ್ಲಿ. ಪರೀಕ್ಷೆಗೆಂದು ಒಂದು ದಿನ ಅಲ್ಲಿಂದ ಕೇಂದ್ರಕ್ಕೆ ಹೋಗಿ ನೋಡಿದೆವು. ತಲುಪುವ ಹೊತ್ತಿಗೆ ಮಗಳು ಎರಡು ಸಲ ವಾಂತಿ ಮಾಡಿಕೊಂಡು, ಬಸ್ಸಿನ ಗದ್ದಲ ತಡೆಯಲಾರದೆ ಯಂತ್ರವನ್ನು ತಾನೇ ಕಿತ್ತು ಅಮ್ಮನ ಮಡಿಲಿಗೆ ಹಾಕಿದ್ದಳು. ಮೇಡಂ ಏನು ಕೇಳಿದರೂ ಅವತ್ತು ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಮಹಾಶಯರ ಬಾಗಿಲು ತಟ್ಟಿದೆ. ತಪ್ಪಾಯಿತು ಎಂದೆ. ಅವರು ಬಹಳ ಸೌಜನ್ಯದಿಂದ ಕೂರಿಸಿ ಕಾಫಿ ತರಿಸಿದರು. "ನೀವು ಎಲ್ಲರ ಮುಂದೆ ಹೇಳ್ಬಿಟ್ರಿ ಸಾರ್. ನನ್ನ ಮರ್ಯಾದೆ ಪ್ರಶ್ನೆ. ಈಗ ನೀವೇ ಬರೆದುಕೊಡಿ, ಸರಿಹೋಗುತ್ತೆ" ಎಂದು ಒಂದು ಬಿಳಿ ಹಾಳೆ ಮುಂದೆ ಇಟ್ಟರು. ನಾನು ಅಳೆದು ನೋಡಿದ್ದೇನೆ, ಕಟ್ಟಡ ಮೂವತ್ತು ನಲವತ್ತರ ಒಳಗೇ ಇದೆ, ಒಂದೊಂದು ಮನೆಯೂ ಆರ್ನೂರು ಅಡಿ ಇದೆ ಎಂದು ಬರೆಯಬೇಕು. "ನಿಮ್ಮ ಸೀಲ್ ಇರುತ್ತಲ್ಲ, ಅದೂ ಹಾಕಿ."

ಆ ಕಾಗದಕ್ಕೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ನನ್ನ ಬಾಯಿಗೆ ಹಾಕುವ ಬೀಗ. ಸೀಲು ಹಾಕಿ ಸುಳ್ಳು ಬರೆದವನು ನಾಳೆ ಯಾವ ಮುಖ ಹೊತ್ತು ದೂರು ಕೊಡುತ್ತಾನೆ? ಹದಿನೆಂಟು ವರ್ಷ ಜನ ಕೈಗೆ ನೋಟು ತುರುಕಲು ನೋಡಿದ್ದಾರೆ, ಒಂದಿಂಚು ಹೆಚ್ಚು ಬರೆದವನಲ್ಲ, ಒಂದಿಂಚು ಕಡಿಮೆ ಬರೆದವನಲ್ಲ. ಅದನ್ನು ಹೇಳಿಕೊಂಡು ಮೆರೆದವನು ನಾನು. ಬರೆದೆ. ಅಕ್ಷರ ದುಂಡಾಗಿಯೇ ಬಂತು. ಸೀಲು ಒತ್ತಿದೆ. ಅವರು ಹಾಳೆಗೆ ಬಾಯಿಂದ ಗಾಳಿ ಊದಿ ಮಸಿ ಒಣಗಿಸಿ, "ನಿಮ್ಮ ಕಡೆ ಜನ ಒಳ್ಳೆಯವರು ಸಾರ್, ಸ್ವಲ್ಪ ಮುಂಗೋಪ ಅಷ್ಟೆ" ಎಂದರು. ಬಾಡಿಗೆ ಮುಂದಿನ ತಿಂಗಳಿಂದ ಒಂದು ಸಾವಿರ ಹೆಚ್ಚು ಎಂಬುದನ್ನು ಕಾಫಿ ಲೋಟ ಎತ್ತಿಕೊಳ್ಳುವಾಗ ಹೇಳಿದರು.

ಹೊರಗೆ ಬಂದರೆ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ "ಬಸ್ಸು!" ಎಂದು ಕಿರುಚಿದಳು. ಹಿಂದೆ ಮಹಾಶಯರ ಬಾಗಿಲು ತೆರೆಯಿತು. ನಾನು ತಿರುಗಿ ಅವರ ಮುಖವನ್ನೇ ನೋಡಿದೆ. ಬಾಗಿಲು ಮುಚ್ಚಿತು. ಮಗಳ ಪಕ್ಕ ಕೂತು, ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಇನ್ನೂ ಜೋರಾಗಿ ಎಂದೆ.

ಸೋಮವಾರ ನಮ್ಮ ಕಡೆ ಅಂಬ್ಲಿಗೊಳದ ಕಾಲುವೆ ಕೆಳಗೆ ಒಂದು ಗದ್ದೆಯ ಅಳತೆ ಇತ್ತು. ಗದ್ದೆಯ ಯಜಮಾನರಿಗೆ ಅರವತ್ತು ದಾಟಿದೆ. ಟೇಪಿನ ಒಂದು ತುದಿ ಹಿಡಿದು ಬದುವಿನ ಮೇಲೆ ನಿಂತಿದ್ದರು. ಬಂದು ನೋಡಿ, ಎಷ್ಟಿದೆ ಎಂದು ಕರೆದೆ. "ನೀವ್ ಅಳೆದ್ ಮ್ಯಾಲೆ ನಾವ್ ನೋಡೋದೇನೈತ್ರೀ? ಬರ್ಕಳ್ರಿ" ಎಂದು ನಕ್ಕರು.

ನಾನು ಬರೆದುಕೊಳ್ಳಲಿಲ್ಲ. ಅಳತೆ ಬಿದ್ದ ಕಡೆ ಹೆಬ್ಬೆರಳು ಒತ್ತಿ ಹಿಡಿದೇ ಬದುವಿನ ಮೇಲೆ ನಡೆದು ಹೋಗಿ, ಟೇಪನ್ನು ಅವರ ಕೈಯಲ್ಲೇ ಇಟ್ಟು, ನೀವೇ ಓದಿ ಹೇಳಿ ಎಂದೆ. ಇವನಿಗೇನಾಯಿತು ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. ಅವರು ಹೇಳಿದ್ದನ್ನು ಬರೆದುಕೊಂಡೆ.