ಬ್ರಹ್ಮದಂಡಿ ಗುರುತಿಸಿದ ಖಾಲಾ

ಖಾಲಾ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬೇರು ಕೆರೆದು ಕೆರೆದು ಆ ಸೀಳಿನೊಳಗೆ ಕಂದು ಬಣ್ಣ ಕೂತುಬಿಟ್ಟಿತ್ತು. ಸುರಪುರದ ಸಂತೆಯಲ್ಲಿ ಗೋಣಿಚೀಲ ಹಾಸಿ ನಾರು, ಬೇರು, ತೊಗಟೆ ಮಾರುತ್ತಿದ್ದರು; ಊರಿಗೆಲ್ಲ ಅವರು ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಕೊಳ್ಳಲು ಬಂದವರನ್ನು ಮೊದಲು ವಿಚಾರಿಸುತ್ತಿದ್ದರು: ಯಾರಿಗೆ, ಎಷ್ಟು ದಿನದಿಂದ, ಬೇರೆ ಗುಳಿಗೆ ನಡೆದಿದೆಯೇ. ಉತ್ತರ ಸರಿಬರದಿದ್ದರೆ ಚೀಲದ ಬಾಯಿ ಕಟ್ಟಿಬಿಡುತ್ತಿದ್ದರು.

ನಾನಾಗ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಗುಡ್ಡದ ಗಿಡಗಳ ಪಟ್ಟಿ ಮಾಡುವುದು ನನ್ನ ಪ್ರಾಜೆಕ್ಟ್. ಒಂದು ದಿನ ಮೈತುಂಬ ಮುಳ್ಳಿದ್ದ, ಚೆಂಡಿನಂಥ ತಿಳಿನೀಲಿ ಹೂವಿನ ಗಿಡ ಸಿಕ್ಕಿತು. ಮೊಬೈಲಿನ ಆ್ಯಪ್ ಅದನ್ನು ಮೆಡಿಟರೇನಿಯನ್ ಕಡೆಯ ಒಣನೆಲದ ಗಿಡ ಎಂದಿತು. ನಮ್ಮ ಜಿಲ್ಲೆಯಲ್ಲಿ ಯಾರೂ ಕಾಣದ್ದನ್ನು ಕಂಡೆನೆಂದು ಹಿಗ್ಗಿ, ಒಂದು ಟೊಂಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಖಾಲಾ ಬಳಿ ಹೋದೆ.

ಅವರು ಎಲೆ ಮಗುಚಿ ಸವರಿದರು. "ತಳಾ ನೋಡು, ಹತ್ತಿಗತೆ ಬೆಳ್ಳಗದ. ಇದು ನಮ್ಮ ಬ್ರಹ್ಮದಂಡಿ, ಬೇಟಾ."

"ಬ್ರಹ್ಮದಂಡಿ ಏನ್ರಿ? ವೈನಿ ಕೆಮ್ಮಿಗಂತ ನಮ್ಮವ್ವ ಇವತ್ತು ಅದನ್ನೇ ಕುದಸಾಕತ್ತಾಳ. ಆದ್ರ ಅದರ ಹೂವು ಹಳದಿ ಅದ."

"ಹಳದಿ? ಮೊದಲ ಫೋನ್ ಹಚ್ಚು. ಕುಡಿಸಬ್ಯಾಡಂತ ಹೇಳು."

ಅವ್ವ ಫೋನ್ ಎತ್ತಲಿಲ್ಲ. ನಮ್ಮಣ್ಣನ ಹೆಂಡತಿ, ಅಂದರೆ ವೈನಿ, ಐದು ತಿಂಗಳ ಬಸುರಿ. ಅದನ್ನು ಕೇಳಿದ್ದೇ ತಡ, ಖಾಲಾ ಅಂಗಡಿಯನ್ನು ಪಕ್ಕದ ಬಳೆಗಾರ್ತಿಗೆ ಒಪ್ಪಿಸಿ ನನ್ನೊಂದಿಗೆ ಆಟೊ ಹತ್ತಿದರು.

ನಾವು ಒಳಗೆ ಹೋದಾಗ ಕಷಾಯದ ಲೋಟ ವೈನಿಯ ಕೈಯಲ್ಲಿತ್ತು. ಆರಲೆಂದು ಊದುತ್ತಿದ್ದರು. ಖಾಲಾ ಲೋಟ ಕಸಿದು ಬಚ್ಚಲಿಗೆ ಚೆಲ್ಲಿದರು. ಉಳಿದಿದ್ದ ಹಸಿ ದಂಟು ಮುರಿದರು. ಹಳದಿ ಹಾಲು ಜಿನುಗಿತು.

"ಇದಕ್ಕೂ ಮಂದಿ ಬ್ರಹ್ಮದಂಡಿ ಅಂತಾರ. ಇದು ಹಳದಿ ದತ್ತೂರಿ, ವಿಷಾ."

ಅವ್ವ ಅಲ್ಲೇ ಕೂತು ಅಳತೊಡಗಿದಳು. ಖಾಲಾ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಎಷ್ಟ ದಿನಾ ಆತು ಕೆಮ್ಮು?" ಎಂದರು.

"ಹದಿನೈದು ದಿನಾ ಆತ್ರಿ."

"ಹಂಗಾದ್ರ ನನ್ನ ಬೇರೂ ಬ್ಯಾಡ. ಇವತ್ತೇ ದವಾಖಾನಿಗೆ ಕರಕೊಂಡ ಹೋಗ್ರಿ."

ಅಂದು ಸಂಜೆಯೇ ಅಣ್ಣ ವೈನಿಯನ್ನು ಶಹಾಪುರದ ದವಾಖಾನೆಗೆ ಕರೆದೊಯ್ದ. ಮಾರನೆಯ ದಿನ ಪುಸ್ತಕಗಳನ್ನು ತೆರೆದು ನೋಡಿದೆ. ನನ್ನ ಗಿಡದ ವಿಷಯದಲ್ಲೂ ಖಾಲಾ ಹೇಳಿದ್ದೇ ಸರಿ. ಆ್ಯಪ್ ಕೊಟ್ಟ ಹೆಸರು ಹೊಡೆದುಹಾಕಿದೆ. ಪ್ರಾಜೆಕ್ಟಿನ ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕಲೇ ಎಂದರೆ ಖಾಲಾ ಬೇಡವೆಂದು ಕೈಯಾಡಿಸಿದರು. "ನನ್ನ ಹೆಸರು ಯಾಕ? ಯಾವುದಕ್ಕ ಹಾಲು ಬರತಾದ, ಯಾವುದಕ್ಕ ಬರಲ್ಲ, ಅದನ್ನ ಬರಿ." ಹಾಗೇ ಬರೆದೆ.

ಹೋದ ವರ್ಷ ಖಾಲಾ ತೀರಿಕೊಂಡರು. ನಾನು ಯಾದಗಿರಿಯಲ್ಲಿ ಪರೀಕ್ಷೆ ಕೆಲಸದಲ್ಲಿದ್ದೆ. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು. ವೈನಿ ಮಗಳನ್ನು ಎತ್ತಿಕೊಂಡು ಅವರ ಮನೆಗೆ ಹೋಗಿ, ಸಂಜೆಯವರೆಗೂ ಕೂತು ಬಂದಿದ್ದರು.