ಮೇಷ್ಟ್ರ ಹೊಟ್ಟೆಯ ನೀರು

ಮೇಷ್ಟ್ರ ಹೊಕ್ಕುಳು ಹೊರಗೆ ಬಂದಿತ್ತು. ಹೊಟ್ಟೆಯ ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು, ಅದರ ಮೇಲೆ ನೀಲಿ ನರಗಳು ಎದ್ದು ಕಾಣುತ್ತಿದ್ದವು. ಕೈಕಾಲು ಮಾತ್ರ ಒಣಗಿದ ಕಾಫಿ ಕೊಂಬೆಯ ಹಾಗೆ. ಪಂಚೆ ಸೊಂಟದಲ್ಲಿ ನಿಲ್ಲದೆ ಎದೆಯ ಕೆಳಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಆ ಗಂಟನ್ನು ಹಿಡಿದುಕೊಂಡೇ ನನ್ನ ಔಷಧಿ ಕೋಣೆಗೆ ಬಂದರು.

ನಾನು ಆಗ ಕಳಸದ ಕಡೆಯ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ಕಾಂಪೌಂಡರ್. ಡಾಕ್ಟರು ಮೂಡಿಗೆರೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು; ಉಳಿದ ದಿನ ನಾನೇ ಡಾಕ್ಟರು. ಮೇಷ್ಟ್ರು ಕೂಲಿಲೈನಿನ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಮಕ್ಕಳಿಗೆ ಅಕ್ಷರ ಹೇಳಿಕೊಡುವವರು. ಅಂಥವರನ್ನು ಕೂರಿಸಿ ನಾನು ಕೇಳಿದ ಮೊದಲ ಮಾತು ಯಾವುದು ಗೊತ್ತೇ? ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

"ಎಷ್ಟು ವರ್ಷದಿಂದ ಅಭ್ಯಾಸ, ಮೇಷ್ಟ್ರೇ?"

"ಯಾವ ಅಭ್ಯಾಸ?"

"ಅದೇ, ಕುಡಿಯೋದು."

ಅವರು ನಕ್ಕುಬಿಟ್ಟರು. "ನೀವೂ ಅದನ್ನೇ ಕೇಳ್ತೀರಲ್ಲ ಮಾರಾಯ್ರೇ! ವಾಸನೆ ನಿಮ್ಮ ಬಾಯಿಂದ ಬರ್ತಾ ಇದೆ."

ನಿಜ, ನಾನು ಕುಡಿಯುತ್ತಿದ್ದೆ. ಅವರು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಮುಟ್ಟದಿರುವುದು ಹಾಗಿರಲಿ, ಪ್ರತಿ ಸಂತೆಯ ದಿನ ಸಾರಾಯಿ ಅಂಗಡಿಯ ಎದುರು ಹೋಗಿ ನಿಲ್ಲುತ್ತಿದ್ದರು. ಘೋಷಣೆ ಇಲ್ಲ, ಬಾವುಟ ಇಲ್ಲ. ಒಳಗೆ ಹೋಗುವ ಒಬ್ಬೊಬ್ಬನಿಗೂ ಹೆಸರು ಹಿಡಿದು ನಮಸ್ಕಾರ ಮಾಡಿ, "ಮನೇಲಿ ಒಲೆ ಹಚ್ಚಿಟ್ಟು ಕಾಯ್ತಿದಾರೆ ಕಣಪ್ಪ" ಅನ್ನುತ್ತಿದ್ದರು. ಅಷ್ಟೇ. ತನ್ನ ಮಗನಿಗೆ ಓದು ಕಲಿಸುವವರು ಕೈಮುಗಿದು ನಿಂತರೆ ಯಾವನಿಗೆ ತಾನೇ ಒಳಗೆ ಹೆಜ್ಜೆ ಬರುತ್ತದೆ? ಅರ್ಧಕ್ಕರ್ಧ ಜನ ತಿರುಗಿ ಹೋಗುತ್ತಿದ್ದರು. ಲೈನಿನ ಹೆಂಗಸರು ಸಂತೆಯ ದಿನ ಅಕ್ಕಿ ಬೇಯಿಸುವಂತಾಗಿದ್ದು ಇವರಿಂದ.

ಅಂಥವರ ಹೊಟ್ಟೆಯಲ್ಲಿ ನೀರು ತುಂಬಿತು. ನಮ್ಮ ಕಡೆ ಆ ಹೊಟ್ಟೆಯನ್ನು ಜನ ಕಂಡಿದ್ದು ಕುಡುಕರಲ್ಲಿ ಮಾತ್ರ. ಕುಡಿದ ಸಾರಾಯಿ ಇಳಿಯದೆ ಹೊಟ್ಟೆಯಲ್ಲೇ ನಿಂತುಬಿಡುತ್ತದೆ ಅಂತ ಲೈನಿನಲ್ಲಿ ಎಲ್ಲರೂ ನಂಬಿದ್ದರು. ಸಾರಾಯಿ ಅಂಗಡಿಯವನಿಗೆ ಹಬ್ಬವೋ ಹಬ್ಬ. "ನಿಮಗೆಲ್ಲ ಬೇಡ ಅಂತ ಬುದ್ಧಿ ಹೇಳಿ ತಾವೊಬ್ರೇ ಕುಡಿದ್ರು. ಎಲ್ಲಿಗೆ ಹೋಗುತ್ತೆ? ಅಲ್ಲೇ ನಿಂತಿದೆ ನೋಡಿ!" ಅಂತ ಸಂತೆಯಲ್ಲಿ ಸಾರಿಕೊಂಡು ಬಂದ. ಗಂಡಸರಿಗೆ ಬೇಕಾಗಿದ್ದೂ ಅದೇ. ಮುಂದಿನ ಸಂತೆಗೆ ಅಂಗಡಿ ಮತ್ತೆ ಭರ್ತಿ. ಹೆಂಗಸರು ಕೂಡ ಮೇಷ್ಟ್ರ ಮುಖ ನೋಡುವುದನ್ನು ಬಿಟ್ಟರು. ಥೂ!

ಡಾಕ್ಟರು ಬಂದು ಹೊಟ್ಟೆಯ ಒಂದು ಬದಿಗೆ ಬೆರಳಿನಿಂದ ತಟ್ಟಿ, ಇನ್ನೊಂದು ಬದಿಗೆ ಅಂಗೈ ಇಟ್ಟು ನೋಡಿದರು. ಹಿಂದೆ ಕಾಮಾಲೆ ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ಎರಡು ಸಲ. "ಲಿವರ್ ಗಟ್ಟಿಯಾಗಿ ಸುಕ್ಕುಗಟ್ಟಿದೆ. ಕುಡೀದೇ ಇರೋರಿಗೂ ಹೀಗಾಗುತ್ತೆ" ಅಂದರು. ಮೇಷ್ಟ್ರು ನೇರವಾಗಿ ಕೇಳಿದರು, "ಎಷ್ಟು ದಿನ ಇದೆ?" ಡಾಕ್ಟರು ಸುಳ್ಳು ಹೇಳಲಿಲ್ಲ. "ನೀರು ತೆಗೀಬಹುದು, ಮತ್ತೆ ತುಂಬುತ್ತೆ. ತುಂಬೋದು ಬೇಗ ಬೇಗ ಆದ್ರೆ ದಿನ ಕಮ್ಮಿ ಅಂತ ಲೆಕ್ಕ. ಇನ್ನೊಂದು ಮಳೆಗಾಲ ಕಷ್ಟ. ಉಪ್ಪು ಬಿಡಿ."

ಡಾಕ್ಟರು ಹೊರಟ ಮೇಲೆ ಮೇಷ್ಟ್ರು ನನ್ನ ಕೈ ಹಿಡಿದರು. "ನೀರನ್ನ ಕಣದಲ್ಲಿ ತೆಗೀರಿ. ಎಲ್ಲರೂ ನೋಡ್ಲಿ."

ಮಕ್ಕಳಿಗೆ ಅವರು ದಿನಾ ಹೇಳುತ್ತಿದ್ದ ಮಾತು ಒಂದೇ: "ಕಂಡಿದ್ದು ಬರಿ ಮಾರಾಯ, ಯಾರೋ ಹೇಳಿದ್ದಲ್ಲ." ದೊಡ್ಡವರಿಗೂ ಅದೇ ಪಾಠ ಹೇಳಲು ಹೊರಟಿದ್ದರು. ನಾನು ಬೇಡವೆಂದೆ, ಕೇಳಲಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಬೆಂಚು ಹಾಕಿ, ಬೆನ್ನಿಗೆ ಗೋಣಿಚೀಲದ ಒರಗು ಕೊಟ್ಟು ಕೂರಿಸಿದೆ. ಹೊಟ್ಟೆಗೆ ಅಗಲವಾದ ಬಟ್ಟೆ ಸುತ್ತಿ, ದಪ್ಪ ಸೂಜಿ ಚುಚ್ಚಿ, ರಬ್ಬರ್ ನಳಿಕೆಯನ್ನು ಸೀಮೆಎಣ್ಣೆ ಡಬ್ಬಕ್ಕೆ ಬಿಟ್ಟೆ. ನೀರು ಇಳಿದ ಹಾಗೆಲ್ಲ ಬಟ್ಟೆ ಬಿಗಿಯುತ್ತಾ ಬಂದೆ. ಡಬ್ಬ ಮುಕ್ಕಾಲು ತುಂಬಿತು, ಒಣಹುಲ್ಲಿನ ಬಣ್ಣದ ನೀರು. ಲೈನಿನ ಜನವೆಲ್ಲ ಸುತ್ತ ನಿಂತಿತ್ತು.

ಮೇಷ್ಟ್ರು ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿಯನ್ನು ಕರೆದರು. ಲೈನಿಗೆಲ್ಲ ದೊಡ್ಡ ಕುಡುಕ ಅವನೇ. "ಸಾರಾಯಿ ವಾಸನೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂಸಿ ಹೇಳಪ್ಪ."

ಮೇಸ್ತ್ರಿ ಡಬ್ಬಕ್ಕೆ ಬಗ್ಗಿದ. ಮೂಸಿದ. ಇನ್ನೊಮ್ಮೆ ಮೂಸಿದ. "ಇಲ್ಲ ಮೇಷ್ಟ್ರೇ. ಇದು ಸಾರಾಯಿ ಅಲ್ಲವೇ ಅಲ್ಲ" ಅಂದ. ಹೆಂಗಸೊಬ್ಬಳು ಗೊಳೋ ಅಂತ ಅತ್ತಳು. ನನಗೆ ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನಿಸಿತು. ಎಂಥ ಪೆದ್ದ ನಾನು!

ಆಮೇಲೆ ಮೇಷ್ಟ್ರು ಒಂದು ಹಟ ಹಿಡಿದರು. ನೀರು ತೆಗೆದ ಮೇಲೆ ನಾಲ್ಕೈದು ದಿನ ಅವರಿಗೆ ನಡೆಯಲು ಆಗುತ್ತಿತ್ತು. ಅದಕ್ಕೇ ಪ್ರತಿ ಸಲವೂ ಸಂತೆಯ ಹಿಂದಿನ ದಿನವೇ ನೀರು ತೆಗೆಯಬೇಕು, ಮಾರನೆಯ ದಿನ ಅಂಗಡಿಯ ಎದುರು ನಿಲ್ಲಬೇಕು! "ಹೀಗೆ ತೆಗೀತಾ ಹೋದ್ರೆ ಮೈಯ ಸತ್ವವೆಲ್ಲ ನೀರಿನ ಜೊತೆಗೇ ಹೋಗುತ್ತೆ" ಎಂದು ನಾನು ರೇಗಿದೆ. "ಹೆಂಗೂ ಹೋಗೋದೇ ಅಲ್ವ? ಉಪಯೋಗಕ್ಕೆ ಬಂದು ಹೋಗ್ಲಿ" ಅಂದರು. ಮೊದಲು ತಿಂಗಳಿಗೆ ತುಂಬುತ್ತಿದ್ದದ್ದು ಹದಿನೈದು ದಿನಕ್ಕೆ ಬಂತು, ಆಮೇಲೆ ಎಂಟು ದಿನಕ್ಕೆ. ಡಾಕ್ಟರು ಹೇಳಿದ್ದು ಅವರಿಗೂ ನೆನಪಿತ್ತು, ನನಗೂ ಇತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಕೋಲೂರಿಕೊಂಡು ನಿಂತು ನಮಸ್ಕಾರ ಮಾಡುತ್ತಿದ್ದರು. ಜನ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದರು. ಒಂದು ದಿನವಾದರೂ ಅವರಿಗೆ ಸಿಟ್ಟು ಬರಬಾರದೇ? ಬರಲಿಲ್ಲ. "ಇವತ್ತು ಇಬ್ರು ತಿರುಗಿ ಹೋದ್ರು ಕಣ್ರೀ" ಅಂತ ಬಂದು ಹೇಳುವರು. ಆ ಇಬ್ಬರಿಗಾಗಿ ಒಂದು ಡಬ್ಬ ನೀರು!

ಮಳೆ ಹಿಡಿಯುವ ಮೊದಲೇ ತೀರಿಕೊಂಡರು. ಕೊನೆಯ ಎರಡು ದಿನ ಎಚ್ಚರವೇ ಇರಲಿಲ್ಲ.

ಹೆಣ ಹೊರುವವರಿಗೆ ಮೊದಲು ಸಾರಾಯಿ ಕೊಡುವುದು ಲೈನಿನ ಪದ್ಧತಿ. ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು, "ಇವರ ಹೆಣಕ್ಕೆ ಸಾರಾಯಿನಾ? ಬೇಡ, ನಾನೇ ಎಳ್ಕೊಂಡು ಹೋಗ್ತೀನಿ" ಅಂದರು. ಹೊರಲು ಬಂದವರು ಕೈಕಟ್ಟಿ ನಿಂತರು. "ಪದ್ಧತಿ ಅಲ್ವಾ ಅಮ್ಮಾ" ಅನ್ನುವಷ್ಟರಲ್ಲಿ ಅಂಗಡಿಯವನು ಆಳಿನ ಕೈಯಲ್ಲಿ ಒಂದು ಕೊಡ ಕಳಿಸಿದ. ಪುಕ್ಕಟೆ! ಕುಡಿದರು, ಆ ತಾಯಿಯ ಕಣ್ಣೆದುರಿಗೇ ಕುಡಿದರು. ಮೂವರು ಕುಡಿದವರು ಮೂರು ಕಡೆ ಹೆಗಲು ಕೊಟ್ಟರು, ನಾಲ್ಕನೆಯ ಕಡೆ ನಾನು. ದಾರಿಯಲ್ಲಿ ನನ್ನ ಪಕ್ಕದವನು ತೊದಲುತ್ತಾ, "ಪಾಪ, ಒಳ್ಳೇರು. ಕುಡಿದೂ ಕುಡಿದೂ ಹೋಗ್ಬಿಟ್ರು" ಅಂದ.

ತಿರುಗಿ ನೋಡಿದರೆ ಮೇಸ್ತ್ರಿ!

"ನೀನೇ ಮೂಸಿ ನೋಡಿದ್ಯಲ್ಲೋ!" ಎಂದು ಕೂಗಿದೆ.

"ಮೂಸಿದ್ದೆ ಕಾಂಪೌಂಡರೇ" ಅಂದ. "ಆದ್ರೂ ಎಲ್ರೂ ಹಂಗೇ ಅಂತಾರಲ್ಲ."

ಹೆಗಲ ಮೇಲೆ ಮೇಷ್ಟ್ರಿಲ್ಲದಿದ್ದರೆ ಅವನ ಹಲ್ಲು ಉದುರಿಸುತ್ತಿದ್ದೆ. ಆವತ್ತಿನಿಂದ ನಾನು ಕುಡಿದಿಲ್ಲ. ನೋಡಿದವರು ನನ್ನನ್ನು ಒಳ್ಳೆಯವನು ಅನ್ನುತ್ತಾರೆ. ಒಳ್ಳೆಯತನವೂ ಇಲ್ಲ, ಮಣ್ಣೂ ಇಲ್ಲ. ನನಗಿರುವುದು ಸಿಟ್ಟು. ಆ ಪುಣ್ಯಾತ್ಮ ಒಂದು ದಿನವೂ ಸಿಟ್ಟಾಗದೆ ಹೋದರು. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗಿದೆ.